ಸಿನಿಮಾ ನೋಡಲು ಕಲಿಸಿದ ಊರು

ಪರೀಕ್ಷೆ ಹತ್ತಿರ ಬಂತೆಂದರೆ ಮನೆಯಲ್ಲಿ ಮೊದಲು ಬಂದ್ ಆಗುವುದು ಟೀವಿ. ಆಮೇಲೆ ಮೊಬೈಲು. ಸಿನಿಮಾದ ಮಾತಂತೂ ಎತ್ತುವಂತೆಯೇ ಇಲ್ಲ. ಯಾದಗಿರಿ, ಶಹಾಪುರ, ಸುರಪುರಗಳ ಪಾಲಕರನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. 2023 ಮತ್ತು 2024, ಎರಡೂ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ಜಿಲ್ಲೆ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು. ಹೊಲದ ಕೆಲಸಕ್ಕೂ ಕಟ್ಟಡದ ಕೆಲಸಕ್ಕೂ ಹೋಗಿ ಮಗನನ್ನೋ ಮಗಳನ್ನೋ ಓದಿಸುತ್ತಿರುವ ತಂದೆಗೆ, ಆ ಮಗು ಎರಡು ತಾಸು ಕುಳಿತು ಸಿನಿಮಾ ನೋಡುವುದು ಎರಡು ತಾಸು ಕಳೆದುಕೊಂಡಂತೆಯೇ ಕಾಣುತ್ತದೆ.

ಆದರೆ ಬಾಗಿಲು ಹಾಕಿದ ಮಾತ್ರಕ್ಕೆ ಸಿನಿಮಾ ಹೊರಗೆ ನಿಲ್ಲುವುದಿಲ್ಲ. ಅದು ಬಸ್ಸಿನಲ್ಲಿದೆ, ಹೋಟೆಲಿನಲ್ಲಿದೆ, ಜಾತ್ರೆಯ ಬ್ಯಾನರಿನಲ್ಲಿದೆ, ಅಂಗೈಯಲ್ಲಿರುವ ಯಂತ್ರದಲ್ಲಿ ಮೂವತ್ತು ಮೂವತ್ತು ಸೆಕೆಂಡಿನ ತುಣುಕುಗಳಾಗಿ ಹಗಲೂ ಇರುಳೂ ಸುರಿಯುತ್ತಿದೆ. ಹುಡುಗರು ಹೇಗೂ ನೋಡುತ್ತಾರೆ. ನೋಡಿದ್ದನ್ನು ಕುರಿತು ಅವರೊಡನೆ ಮಾತನಾಡುವವರು ಮಾತ್ರ ಯಾರೂ ಇಲ್ಲ. ಆ ಮಾತಿಗೆ ಒಂದು ಜಾಗ ಮಾಡಿಕೊಟ್ಟರೆ ಏನಾಗುತ್ತದೆ ಎಂಬುದನ್ನು ಐವತ್ತು ವರ್ಷಗಳ ಹಿಂದೆಯೇ ಪರೀಕ್ಷಿಸಿ ನೋಡಿದ ಒಂದು ಹಳ್ಳಿ ಕರ್ನಾಟಕದಲ್ಲೇ ಇದೆ. ಭೀಮಾ ತೀರದಿಂದ ಬಹಳ ದೂರದ, ಮಲೆನಾಡಿನ ಅಡಿಕೆ ತೋಟಗಳ ನಡುವಿನ ಊರದು. ಹೆಸರು ಹೆಗ್ಗೋಡು.

ಅಡಿಕೆ ತೋಟದಲ್ಲಿ ಅಕಿರ ಕುರೊಸಾವಾ

ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಊರಿನವರೇ ಸೇರಿ ಒಂದು ನಾಟಕ ಸಂಘ ಕಟ್ಟಿಕೊಂಡರು. ಶ್ರೀ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ ಎಂಬ ಆ ಉದ್ದ ಹೆಸರು ಬಾಯಿಂದ ಬಾಯಿಗೆ ಸವೆದು ‘ನೀನಾಸಮ್’ ಆಯಿತು. ಇದರ ಹಿಂದಿನ ಶಕ್ತಿ ಕೆ.ವಿ. ಸುಬ್ಬಣ್ಣ. 1932ರಲ್ಲಿ ಹುಟ್ಟಿದವರು, ಸಂಘ ಹುಟ್ಟಿದಾಗ ಅವರಿಗಿನ್ನೂ ಹದಿನೇಳು. ವೃತ್ತಿಯಿಂದ ಅಡಿಕೆ ಬೆಳೆಗಾರರು, ಪ್ರವೃತ್ತಿಯಿಂದ ನಾಟಕ, ಅನುವಾದ, ಪ್ರಕಾಶನ ಎಲ್ಲವೂ. 1972ರಲ್ಲಿ ಊರಿಗೊಂದು ರಂಗಮಂದಿರ ಬಂತು. ಅದಕ್ಕೆ ಶಿವರಾಮ ಕಾರಂತರ ಹೆಸರಿಟ್ಟರು. ಮರುವರ್ಷ, 1973ರಲ್ಲಿ, ಅದೇ ಸಂಘದ ಅಂಗವಾಗಿ ಹುಟ್ಟಿದ್ದು ನೀನಾಸಮ್ ಚಿತ್ರಸಮಾಜ.

ಚಿತ್ರಸಮಾಜ ಎಂದರೇನು ಎಂದು ಈಗಿನ ವಿದ್ಯಾರ್ಥಿಗಳು ಕೇಳಬಹುದು. ವ್ಯಾಪಾರದ ಚಿತ್ರಮಂದಿರಕ್ಕೆ ಬಾರದ ಒಳ್ಳೆಯ ಚಿತ್ರಗಳನ್ನು ತಾವೇ ತರಿಸಿ, ಸದಸ್ಯರೆಲ್ಲ ಒಟ್ಟಿಗೆ ಕುಳಿತು ನೋಡಿ, ಆಮೇಲೆ ಅದರ ಬಗ್ಗೆ ಮಾತನಾಡುವ ಕೂಟ. ಅಲ್ಲಿ ಟಿಕೆಟ್ ಮಾರಾಟವಿಲ್ಲ, ಲಾಭವೂ ಇಲ್ಲ. ವರ್ಷಕ್ಕೊಮ್ಮೆ ಚಂದಾ ಕೊಟ್ಟವರು ಸದಸ್ಯರು. ಕಾರ್ಯದರ್ಶಿಯಿಂದ ಹಿಡಿದು ಕುರ್ಚಿ ಜೋಡಿಸುವವರ ತನಕ ಎಲ್ಲರೂ ಬಿಟ್ಟಿ ದುಡಿಯುವವರು. ಬ್ಯಾಂಕಿನ ಕೆಲಸ, ಮಾಸ್ತರಿಕೆ, ವಕೀಲಿ ಮುಗಿಸಿ ಸಂಜೆ ಬಂದು ಸೇರುವ ಜನ.

ಆ ಹೊತ್ತಿಗೆ ಇಂಥ ಕೂಟಗಳು ನಗರಗಳ ಸೊತ್ತಾಗಿದ್ದವು. ಕಾಲೇಜು ಓದಿದವರು, ಇಂಗ್ಲಿಷ್ ಬಲ್ಲವರು, ಉಪಶೀರ್ಷಿಕೆ ಸರಸರನೆ ಓದಬಲ್ಲವರು ಮಾತ್ರ ಇಟಲಿ, ಜಪಾನ್, ಸ್ವೀಡನ್ನಿನ ಚಿತ್ರಗಳನ್ನು ಅರಗಿಸಿಕೊಳ್ಳಬಲ್ಲರು ಎಂಬುದು ಹೆಚ್ಚುಕಡಿಮೆ ಎಲ್ಲರ ನಂಬಿಕೆಯಾಗಿತ್ತು. ಹಳ್ಳಿಯವರಿಗೆ ಏಕೆ ಇದೆಲ್ಲ? ಅವರಿಗೆ ಎರಡು ಹಾಡು, ಒಂದು ಹೊಡೆದಾಟ ಸಾಕಲ್ಲವೇ? ಸುಬ್ಬಣ್ಣನವರು ಈ ಮಾತನ್ನು ಒಪ್ಪಲಿಲ್ಲ. ಯಕ್ಷಗಾನವನ್ನು ರಾತ್ರಿಯಿಡೀ ಕುಳಿತು ನೋಡುವ, ಅರ್ಥಗಾರಿಕೆಯ ಒಂದೊಂದು ಮಾತನ್ನೂ ತೂಗಿ ಮರುದಿನ ತೋಟದಲ್ಲಿ ಚರ್ಚಿಸುವ ಜನಕ್ಕೆ ಸಿನಿಮಾ ತಿಳಿಯದು ಎನ್ನುವುದು ಯಾವ ನ್ಯಾಯ?

ಹೆಗ್ಗೋಡಿನ ಬಿಳಿಯ ಪರದೆಯ ಮೇಲೆ ಸತ್ಯಜಿತ್ ರಾಯ್‌ರ ‘ಪಥೇರ್ ಪಾಂಚಾಲಿ’ ಬಂತು. ವಿತ್ತೋರಿಯೊ ಡಿ ಸಿಕಾನ ‘ಬೈಸಿಕಲ್ ಥೀವ್ಸ್’ ಬಂತು. ಅಕಿರ ಕುರೊಸಾವಾನ ‘ರಾಶೊಮೊನ್’ ಬಂತು. ಸುತ್ತಲಿನ ಹಳ್ಳಿಗಳಿಂದ ಜನ ಬಂದು ನೋಡಿದರು. ಗಮನಿಸಬೇಕಾದದ್ದು ಇಷ್ಟು: ಅವರಿಗೆ ಸುಲಭದ ಚಿತ್ರ ತೋರಿಸೋಣ, ಮೆಲ್ಲನೆ ಮೇಲೇರಿಸೋಣ ಎಂಬ ಅನುಕಂಪದ ಲೆಕ್ಕಾಚಾರ ಅಲ್ಲಿರಲಿಲ್ಲ. ಜಗತ್ತಿನ ಅತ್ಯುತ್ತಮವೆನಿಸಿದ್ದನ್ನೇ ನೇರವಾಗಿ ಮುಂದಿಟ್ಟರು.

‘ರಾಶೊಮೊನ್’ ನೋಡದವರು ಅದೊಂದು ಭಯಂಕರ ಕಠಿಣ ಚಿತ್ರವೆಂದು ಭಾವಿಸಿರುತ್ತಾರೆ. ಕತೆ ಏನು? ಕಾಡಿನಲ್ಲಿ ಒಬ್ಬ ಸಮುರಾಯಿ ಸತ್ತುಬಿದ್ದಿದ್ದಾನೆ. ಹೇಗೆ ಸತ್ತನೆಂದು ನಾಲ್ವರು ನಾಲ್ಕು ಬಗೆಯಲ್ಲಿ ಹೇಳುತ್ತಾರೆ. ಊರ ಕಟ್ಟೆಯ ಮೇಲೆ ಬದುವಿನ ಜಗಳದ ಪಂಚಾಯಿತಿ ಕೇಳಿದವರಿಗೆ ಇದರಲ್ಲಿ ಹೊಸದೇನಿದೆ! ಒಂದೇ ಬದು, ಒಂದೇ ಹೊಡೆದಾಟ, ಕತೆ ಮಾತ್ರ ನಾಲ್ಕು. ಕನ್ನಡದ ಹುಡುಗರು 2014ರ ‘ಉಳಿದವರು ಕಂಡಂತೆ’ಯಲ್ಲಿ ನೋಡಿದ ಕಥನದ ಬಗೆಗೆ ಅಜ್ಜ ಈ 1950ರ ಜಪಾನೀ ಚಿತ್ರವೇ.

ಡಬ್ಬಿಯಲ್ಲಿ ಬರುತ್ತಿದ್ದ ಚಿತ್ರ

ಇಂದು ಒಂದು ಚಿತ್ರ ಬೇಕೆಂದರೆ ಗುಂಡಿ ಒತ್ತಿದರಾಯಿತು. ಆ ಕಾಲದಲ್ಲಿ ಚಿತ್ರವೆಂದರೆ ತೂಕವುಳ್ಳ ಸಾಮಾನು. ಚಿತ್ರಮಂದಿರಗಳ 35 ಮಿ.ಮೀ. ಯಂತ್ರ ಹಳ್ಳಿಗಳಿಗೆ ನಿಲುಕದ್ದು. ಚಿತ್ರಸಮಾಜಗಳನ್ನು ಉಳಿಸಿದ್ದು 16 ಮಿ.ಮೀ. ಸುರುಳಿ ಮತ್ತು ಒಬ್ಬರೇ ಹೊತ್ತೊಯ್ಯಬಹುದಾದ ಅದರ ಪ್ರೊಜೆಕ್ಟರು. ಒಂದು ಸೆಕೆಂಡಿಗೆ 24 ಚಿತ್ರಗಳು ಬೆಳಕಿನ ಮುಂದೆ ಹಾಯಬೇಕು. 16 ಮಿ.ಮೀ. ಸುರುಳಿಯ ಒಂದು ಅಡಿಯಲ್ಲಿ 40 ಚಿತ್ರಗಳಿರುತ್ತವೆ. ಎಂದರೆ ನಿಮಿಷಕ್ಕೆ 36 ಅಡಿ. ಎರಡು ತಾಸಿನ ಚಿತ್ರಕ್ಕೆ 4,320 ಅಡಿ. 1,600 ಅಡಿಯ ದೊಡ್ಡ ಸುರುಳಿಯೊಂದು ಓಡುವುದು ಸುಮಾರು 44 ನಿಮಿಷ. ಆದ್ದರಿಂದ ಒಂದು ಚಿತ್ರಕ್ಕೆ ಮೂರು ಸುರುಳಿ. (ಈಗಿನ ಮಕ್ಕಳ ಬಾಯಲ್ಲಿ ‘ರೀಲ್’ ಎಂದರೆ ಅರ್ಧ ನಿಮಿಷದ ತುಣುಕು, ಪದ ಅದೇ, ಅಳತೆ ಬೇರೆ.)

ಯಂತ್ರ ಒಂದೇ ಇದ್ದ ಕಡೆ ಸುರುಳಿ ಮುಗಿದೊಡನೆ ದೀಪ ಹಾಕಬೇಕು, ಹೊಸ ಸುರುಳಿಯನ್ನು ಹಲ್ಲುಗಳಿಗೆ ಸಿಕ್ಕಿಸಬೇಕು. ನಡುವೆ ಫಿಲಂ ತುಂಡಾದರೆ ಅಂಟಿಸಬೇಕು. ಸಿಕ್ಕಿಕೊಂಡು ನಿಂತರೆ ದೀಪದ ಕಾವಿಗೆ ಪರದೆಯ ಮೇಲಿನ ನಾಯಕಿಯ ಮುಖದ ನಡುವೆಯೇ ಕಂದು ಗುಳ್ಳೆಯೆದ್ದು ಸುಟ್ಟುಹೋಗುವುದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಕರೆಂಟು ಹೋದರಂತೂ ಮುಗಿಯಿತು. ಪ್ರದರ್ಶನದ ಮರುದಿನ ಡಬ್ಬಿ ಕಟ್ಟಿ ಹೊತ್ತಿಗೆ ಸರಿಯಾಗಿ ಕಳಿಸಬೇಕು, ಏಕೆಂದರೆ ಮುಂದಿನ ಊರಿನವರು ಕಾಯುತ್ತಿರುತ್ತಾರೆ. ಒಂದೇ ಪ್ರತಿ ಊರಿಂದೂರಿಗೆ ಸುತ್ತುತ್ತಿತ್ತು. ಇಷ್ಟೆಲ್ಲ ಪಡಿಪಾಟಲಿಗೆ ಸಂಬಳವಿಲ್ಲ. ಮೂರು ಸುರುಳಿಗಳ ನಡುವಿನ ಎರಡು ಬಿಡುವುಗಳಲ್ಲಿ ಜನ ಮಾತಿಗೆ ತೊಡಗುತ್ತಿದ್ದರು ಎಂಬುದು ಮಾತ್ರ ಆ ಯಂತ್ರದ ಕೊರತೆಯಿಂದಲೇ ಒದಗಿದ ಲಾಭ.

ಡಬ್ಬಿಗಳು ಬರುತ್ತಿದ್ದ ಮುಖ್ಯ ತಾಣಗಳಲ್ಲೊಂದು ಪುಣೆ. 1964ರಲ್ಲಿ ಅಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಗಿತ್ತು. ಅದನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಸಂಗ್ರಹಿಸಿದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಅಧಿಕಾರಿಯಾಗಿರಲಿಲ್ಲ. ಚಿತ್ರಗಳು ಊರೂರು ತಿರುಗಬೇಕೆಂಬುದು ಅವರ ಹಟ. ಅವರನ್ನು ಕುರಿತು ಶಿವೇಂದ್ರ ಸಿಂಗ್ ಡುಂಗರ್‌ಪುರ್ 2012ರಲ್ಲಿ ‘ಸೆಲ್ಯುಲಾಯ್ಡ್ ಮ್ಯಾನ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲೊಂದು ಭಾಗ ಹೆಗ್ಗೋಡಿನದು. ದಶಕಗಳ ಹಿಂದೆ ಕಂಡ ಪರದೇಶದ ಚಿತ್ರಗಳನ್ನು ಅಲ್ಲಿನ ಹಳ್ಳಿಗರು ತಮ್ಮೂರಿನ ಸುದ್ದಿಯಷ್ಟೇ ಸಲೀಸಾಗಿ ನೆನೆಯುತ್ತಾರೆ. ಹಳ್ಳಿಯವರಿಗೆ ಏಕೆ ಎಂದು ಕೇಳಿದವರಿಗೆ ಅದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಮಲಗಿದ ಬುದ್ಧನೂ ಕ್ಯಾಮೆರಾದ ಕಣ್ಣೂ

ತೋರಿಸುವುದಷ್ಟೇ ಆಗಿದ್ದರೆ ಹೆಗ್ಗೋಡಿನ ಚಿತ್ರಸಮಾಜವೂ ನೂರರಲ್ಲಿ ಒಂದಾಗಿ ಮರೆತುಹೋಗುತ್ತಿತ್ತು. ಅದನ್ನು ಬೇರೆಯಾಗಿಸಿದ್ದು ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಶುರುವಾದ ಚಲನಚಿತ್ರ ರಸಗ್ರಹಣ ಶಿಬಿರಗಳು. ಸಿನಿಮಾ ಮಾಡುವುದನ್ನಲ್ಲ, ನೋಡುವುದನ್ನು ಕಲಿಸುವ ಶಿಬಿರಗಳು. ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನ ಪ್ರೊಫೆಸರ್ ಸತೀಶ್ ಬಹಾದೂರ್ ಈ ಹಳ್ಳಿಗೆ ಬಂದು ಪಾಠ ಮಾಡಿದರು. ಅವರ ಹಿನ್ನೆಲೆ ವಿದ್ಯಾರ್ಥಿಗಳಿಗೆ ತಿಳಿದಿರುವುದು ಒಳ್ಳೆಯದು. ಅವರು ಮೊದಲು ಆಗ್ರಾದಲ್ಲಿ ಅರ್ಥಶಾಸ್ತ್ರದ ಅಧ್ಯಾಪಕರು. ಪಾಠದ ಹೊತ್ತು ಕಳೆದ ಮೇಲೆ ಅಲ್ಲಿ ಫಿಲಂ ಸೊಸೈಟಿ ನಡೆಸುತ್ತಿದ್ದರು. ಆ ಹವ್ಯಾಸವೇ 1963ರಲ್ಲಿ ಅವರನ್ನು ಪುಣೆಗೆ ಒಯ್ದಿತು.

ಅವರ ಪಾಠದ ಕ್ರಮ ‘ಪಥೇರ್ ಪಾಂಚಾಲಿ’ಯಂಥ ಚಿತ್ರವನ್ನು ದೃಶ್ಯ ದೃಶ್ಯವಾಗಿ ಬಿಡಿಸಿ ನೋಡುವುದು. ಕ್ಯಾಮೆರಾ ಇಲ್ಲಿ ಏಕಿದೆ? ಮುಖವನ್ನು ಹತ್ತಿರದಿಂದ ಏಕೆ ತೋರಿಸಿದ್ದಾರೆ? ಮಾತಿಲ್ಲದ ಈ ಗಳಿಗೆಯಲ್ಲಿ ಕೇಳುತ್ತಿರುವ ಸದ್ದು ಯಾವುದು?

ಶಹಾಪುರದ ಮಕ್ಕಳಿಗೆ ಇದನ್ನು ತಿಳಿಸಲು ಪುಣೆಯಿಂದ ಯಾರೂ ಬರಬೇಕಾಗಿಲ್ಲ. ಊರ ಪಕ್ಕದ ಬೆಟ್ಟಸಾಲಿನಲ್ಲಿ ಮಲಗಿದ ಬುದ್ಧ ಇದ್ದಾನೆ. ರಸ್ತೆಯ ಒಂದು ಕಡೆ ನಿಂತು ನೋಡಿದರೆ ಹಣೆ, ಮೂಗು, ಎದೆ ಎಲ್ಲ ತಾವಾಗಿ ಜೋಡಿಕೊಂಡು ಮಹಾಪುರುಷನೊಬ್ಬ ಮಲಗಿದಂತೆ ಕಾಣುತ್ತದೆ. ಸ್ವಲ್ಪ ಮುಂದೆ ಹೋಗಿ, ಬುದ್ಧ ಮಾಯ! ಉಳಿಯುವುದು ಬರಿಯ ಗುಡ್ಡಗಳು. ಕಲ್ಲು ಬದಲಾಗಿಲ್ಲ, ಬದಲಾದದ್ದು ನಿಂತ ಜಾಗ. ಕ್ಯಾಮೆರಾವನ್ನು ಎಲ್ಲಿ ಇಡಬೇಕೆಂದು ನಿರ್ದೇಶಕ ಅಷ್ಟೊಂದು ತಲೆ ಕೆಡಿಸಿಕೊಳ್ಳುವುದು ಇದಕ್ಕಾಗಿಯೇ. ಯಾರೋ ತಮಗೆ ಬೇಕಾದ ಜಾಗದಲ್ಲಿ ನಿಲ್ಲಿಸಿ ತೋರಿಸಿದ್ದನ್ನು ನಾವು ‘ಇದ್ದದ್ದೇ ಹೀಗೆ’ ಎಂದು ನಂಬುತ್ತೇವೆ. ಸಿನಿಮಾದಲ್ಲಿ, ಜಾಹೀರಾತಿನಲ್ಲಿ, ಸುದ್ದಿಯ ವಿಡಿಯೊದಲ್ಲಿ, ಎಲ್ಲದರಲ್ಲೂ. ಈ ಒಂದು ಸಂಗತಿ ಹದಿನೈದರ ಹುಡುಗನಿಗೆ ಹೊಳೆದರೆ ಆತ ಮುಂದೆ ಮೊಬೈಲಿನಲ್ಲಿ ಬಂದದ್ದನ್ನೆಲ್ಲ ನಿಜವೆಂದು ಇನ್ನೊಬ್ಬರಿಗೆ ದಾಟಿಸುವ ಮುನ್ನ ಒಂದು ಕ್ಷಣ ನಿಂತಾನು. ಸುರಪುರಕ್ಕಂತೂ ಚಿತ್ರ ನೋಡುವ ಸಂಸ್ಕಾರ ಹೊಸದಲ್ಲ. ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಸುರಪುರ ಶೈಲಿಯ ಕಿರುಚಿತ್ರಗಳು ಹತ್ತಿರ ಹಿಡಿದು, ನಿಧಾನವಾಗಿ, ಗೆರೆ ಗೆರೆ ನೋಡಬೇಕಾದಂಥವು.

ಇನ್ನು ಯಾದಗಿರಿಗೆ ರೈಲಿದೆ. ಮುಂಬಯಿ–ಚೆನ್ನೈ ಮಾರ್ಗದ ಗಾಡಿಗಳು ಹಗಲೂ ರಾತ್ರಿ ಹಾಯುತ್ತವೆ. ‘ಪಥೇರ್ ಪಾಂಚಾಲಿ’ಯಲ್ಲಿ ಅಪು ಮತ್ತು ಅವನ ಅಕ್ಕ ದುರ್ಗಾ ಬಿಳಿಯ ಕಾಶದ ಹೂಗಳ ನಡುವೆ ನಡೆದು ಹೋಗಿ ಮೊದಲ ಸಲ ರೈಲು ನೋಡುವ ದೃಶ್ಯವಿದೆ. 1952ರ ಅಕ್ಟೋಬರಿನಲ್ಲಿ ರಾಯ್ ಮೊದಲು ಚಿತ್ರೀಕರಿಸಿದ್ದು ಅದನ್ನೇ. ಒಂದು ದಿನದ ಕೆಲಸ ಮುಗಿಸಿ ಮುಂದಿನ ವಾರ ಮರಳಿದರೆ ದನಗಳು ಹೂವನ್ನೆಲ್ಲ ಮೇದು ಮುಗಿಸಿದ್ದವು! ಉಳಿದ ಭಾಗಕ್ಕಾಗಿ ಮುಂದಿನ ಹೂವಿನ ಕಾಲದ ತನಕ ಕಾಯಬೇಕಾಯಿತು. ದುಡ್ಡಿಗೂ ಹಾಗೆಯೇ ಕಾಯುತ್ತ, ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರದ ನೆರವಿನಿಂದ ಚಿತ್ರ ಮುಗಿದದ್ದು 1955ರಲ್ಲಿ. ನಿರ್ದೇಶಕನಿಗೆ ಅದು ಮೊದಲ ಚಿತ್ರ, ಛಾಯಾಗ್ರಾಹಕ ಸುಬ್ರತ ಮಿತ್ರನಿಗೂ ಮೊದಲನೆಯದು.

ಕಳೆದುಹೋದ ಸೈಕಲ್ಲು

‘ಬೈಸಿಕಲ್ ಥೀವ್ಸ್’ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾದಗಿರಿ ಕಡೆಯವರಿಗೆ ಅದರ ಕತೆ ಹೇಳುವುದೇ ಬೇಡವೆಂದು ತೋರುವಷ್ಟು ಅದು ಅವರದು. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ರೋಂ ನಗರ. ಕೆಲಸವಿಲ್ಲದ ಅಂತೋನಿಯೊ ರಿಚ್ಚಿಗೆ ಗೋಡೆಗಳಿಗೆ ಪೋಸ್ಟರು ಅಂಟಿಸುವ ಕೆಲಸ ಸಿಗುತ್ತದೆ. ಸೈಕಲ್ ಇದ್ದರೆ ಮಾತ್ರ. ಅವನ ಸೈಕಲ್ಲು ಒತ್ತೆ ಬಿದ್ದಿದೆ. ಹೆಂಡತಿ ಹಾಸಿಗೆಯ ಮೇಲಿನ ಚಾದರಗಳನ್ನು ಕಿತ್ತು ತೆಗೆಯುತ್ತಾಳೆ. ಅವನ್ನು ಒತ್ತೆಯಿಟ್ಟು ಸೈಕಲ್ ಬಿಡಿಸಿಕೊಳ್ಳುತ್ತಾರೆ. ಕೆಲಸದ ಮೊದಲ ದಿನವೇ ಅದು ಕಳುವಾಗುತ್ತದೆ. ಆಗ ಅವನು ಅಂಟಿಸುತ್ತಿದ್ದದ್ದು ಹಾಲಿವುಡ್ಡಿನ ಚೆಲುವೆ ರೀಟಾ ಹೇವರ್ತ್‌ಳ ಪೋಸ್ಟರು! ಕನಸಿನ ಸಿನಿಮಾದ ಗೋಡೆಯ ಕೆಳಗೇ ನಿಜದ ಸಿನಿಮಾ ಶುರುವಾಗುತ್ತದೆ.

ಆಮೇಲೆ ಅಪ್ಪ ಮತ್ತು ಅವನ ಪುಟ್ಟ ಮಗ ಬ್ರೂನೊ ಊರೆಲ್ಲ ಅಲೆಯುತ್ತಾರೆ. ಅಪ್ಪನ ಪಾತ್ರ ಮಾಡಿದ ಲಾಂಬೆರ್ತೊ ಮಜ್ಜೊರಾನಿ ನಟನಲ್ಲ, ಕಾರ್ಖಾನೆಯ ಕಾರ್ಮಿಕ. ಅದು ಅವನ ನಡಿಗೆಯಲ್ಲೇ ಗೊತ್ತಾಗುತ್ತದೆ. ಕೊನೆಯಲ್ಲಿ ಸೋತು ಸುಣ್ಣವಾದ ಅಪ್ಪ ತಾನೇ ಇನ್ನೊಬ್ಬರ ಸೈಕಲ್ಲಿಗೆ ಕೈಹಾಕುತ್ತಾನೆ, ಸಿಕ್ಕಿಬೀಳುತ್ತಾನೆ. ಮಗ ಅದನ್ನು ಕಣ್ಣಾರೆ ನೋಡುತ್ತಾನೆ. ಅಲ್ಲಿಂದ ಮುಂದಿನ ಎರಡು ನಿಮಿಷದಲ್ಲಿ ಹುಡುಗ ಏನು ಮಾಡುತ್ತಾನೆ ಎಂಬುದನ್ನು ಬರೆದು ತಿಳಿಸುವುದು ಆ ಚಿತ್ರಕ್ಕೆ ಮಾಡುವ ಅನ್ಯಾಯ.

ಬೇಸಿಗೆ ಬಂತೆಂದರೆ ಬೆಂಗಳೂರು, ಪುಣೆ, ಮುಂಬಯಿಗಳಿಗೆ ಗುಳೆ ಹೋಗುವ ಕುಟುಂಬಗಳು ಯಾದಗಿರಿ ಸೀಮೆಯಲ್ಲಿ ಎಷ್ಟೋ ಇವೆ. ಅಪ್ಪ ಪರವೂರಿನಲ್ಲಿ ಯಾರ ಮುಂದೆ ಎಷ್ಟು ಬಾಗಬೇಕಾಗುತ್ತದೆ ಎಂಬುದನ್ನು ಜೊತೆಗೆ ಹೋದ ಮಗು ನೋಡಿರುತ್ತದೆ. ಆದರೆ ಆ ಮಾತು ಮನೆಯಲ್ಲಿ ಯಾರ ಬಾಯಿಂದಲೂ ಬರುವುದಿಲ್ಲ. 1948ರ ಒಂದು ಇಟಾಲಿಯನ್ ಚಿತ್ರದ ನೆಪದಲ್ಲಿ ಅದು ಬಂದೀತು. ‘ಬ್ರೂನೊ ಅಪ್ಪನ ಮೇಲೆ ಸಿಟ್ಟಾದನೇ?’ ಎಂದು ತರಗತಿಯಲ್ಲಿ ಒಂದು ಪ್ರಶ್ನೆ ಹಾಕಿ ಸುಮ್ಮನಿರುವ ಮಾಸ್ತರರಿಗೆ ಸಿಗುವ ಉತ್ತರ ಯಾವ ಗೈಡಿನಲ್ಲೂ ಇಲ್ಲದ್ದು.

ಕೂಟಗಳ ಏಳು ಬೀಳು

ಹೆಗ್ಗೋಡಿನ ಪ್ರಯೋಗ ಆಕಾಶದಿಂದ ಉದುರಿದ್ದಲ್ಲ. ಲಂಡನ್ನಿನಲ್ಲಿ 1925ರಲ್ಲೇ ಫಿಲಂ ಸೊಸೈಟಿ ಹುಟ್ಟಿತ್ತು. ಸ್ವಾತಂತ್ರ್ಯ ಬಂದು ಎರಡು ತಿಂಗಳಾಗುವುದರೊಳಗೆ, 1947ರ ಅಕ್ಟೋಬರಿನಲ್ಲಿ, ಸತ್ಯಜಿತ್ ರಾಯ್, ಚಿದಾನಂದ ದಾಸಗುಪ್ತ ಮೊದಲಾದ ಗೆಳೆಯರು ಕಲ್ಕತ್ತ ಫಿಲಂ ಸೊಸೈಟಿ ಕಟ್ಟಿದರು. ರಾಯ್ ಆಗ ಜಾಹೀರಾತು ಕಂಪೆನಿಯೊಂದರಲ್ಲಿ ಕಲಾವಿದ. 1950ರಲ್ಲಿ ಕಚೇರಿ ಕೆಲಸದ ಮೇಲೆ ಲಂಡನ್ನಿಗೆ ಹೋದಾಗ ‘ಬೈಸಿಕಲ್ ಥೀವ್ಸ್’ ನೋಡಿದರು. ಗುರುತಿಲ್ಲದ ಮುಖಗಳನ್ನೂ ನಿಜವಾದ ಬೀದಿಗಳನ್ನೂ ಇಟ್ಟುಕೊಂಡೇ ಚಿತ್ರ ಮಾಡಬಹುದೆಂಬ ಧೈರ್ಯ ಅವರಿಗೆ ಬಂದದ್ದು ಅಲ್ಲಿಂದ. 1959ರಲ್ಲಿ ದೇಶದ ಚಿತ್ರಸಮಾಜಗಳೆಲ್ಲ ಸೇರಿ ಒಕ್ಕೂಟ ರಚಿಸಿಕೊಂಡಾಗ ಅಧ್ಯಕ್ಷರಾದವರೂ ರಾಯ್. ಬೆಂಗಳೂರಿನಲ್ಲಿ 1971ರಲ್ಲಿ ‘ಸುಚಿತ್ರಾ’ ಆರಂಭವಾಯಿತು; ಮುಂದೆ ಬನಶಂಕರಿಯಲ್ಲಿ ತನ್ನದೇ ಮಂದಿರ ಕಟ್ಟಿಕೊಂಡಿತು. ಕೇರಳದಲ್ಲಿ ಜಾನ್ ಅಬ್ರಹಾಂ ಮತ್ತು ಗೆಳೆಯರ ‘ಒಡೆಸ್ಸಾ’ ಬಳಗ ಎಂಬತ್ತರ ದಶಕದಲ್ಲಿ ಊರೂರಲ್ಲಿ ಚಾಪ್ಲಿನ್ ಚಿತ್ರ ತೋರಿಸಿ, ಜನರಿಂದ ಚಿಲ್ಲರೆ ಕಾಸು ಕೂಡಿಸಿ, 1986ರಲ್ಲಿ ‘ಅಮ್ಮ ಅರಿಯಾನ್’ ಎಂಬ ಚಿತ್ರವನ್ನೇ ಮಾಡಿತು.

ಕನ್ನಡದಲ್ಲೂ ಅದು ಹುರುಪಿನ ಕಾಲ. 1970ರ ‘ಸಂಸ್ಕಾರ’, 1975ರ ‘ಚೋಮನ ದುಡಿ’, 1977ರ ‘ಘಟಶ್ರಾದ್ಧ’, ಮೂರಕ್ಕೂ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ಬಂತು. ‘ಘಟಶ್ರಾದ್ಧ’ ಮಾಡಿದ ಗಿರೀಶ್ ಕಾಸರವಳ್ಳಿ ಸುಬ್ಬಣ್ಣನವರ ಸೋದರಳಿಯ. ಆಗಿನ್ನೂ ಇಪ್ಪತ್ತೇಳರ ಹರೆಯ. ಮಗುವಿನ ಕಣ್ಣಿನಿಂದ ದೊಡ್ಡವರ ಕ್ರೌರ್ಯವನ್ನು ಕಾಣಿಸುವ ಆ ಚಿತ್ರದ ಹಳೆಯ ಪ್ರತಿಯನ್ನು ತೊಳೆದು ತಿದ್ದಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು.

ಹಾಗೆಂದು ಚಿತ್ರಸಮಾಜಗಳೆಲ್ಲ ಪುಣ್ಯಕ್ಷೇತ್ರಗಳಾಗಿದ್ದವೆಂದು ತಿಳಿಯಬೇಕಾಗಿಲ್ಲ. ಸದಸ್ಯರಿಗೆ ಮಾತ್ರ ತೋರಿಸುವ ವಿದೇಶಿ ಚಿತ್ರಗಳಿಗೆ ಸೆನ್ಸಾರಿನಿಂದ ವಿನಾಯಿತಿ ಇತ್ತು. ಅದಕ್ಕಾಗಿಯೇ ಚಂದಾ ಕಟ್ಟಿ, ಬೇಕಾದ ದೃಶ್ಯ ಬಾರದಿದ್ದರೆ ನಡುವೆಯೇ ಎದ್ದುಹೋಗುವ ಮಹನೀಯರು ಅನೇಕ ಊರುಗಳಲ್ಲಿದ್ದರು. ಚಿತ್ರಕ್ಕಿಂತ ಉದ್ದವಾದ ಭಾಷಣ ಮಾಡುವ ಕಾರ್ಯದರ್ಶಿಗಳೂ ಇದ್ದರು. ನಿದ್ದೆ ಬರಿಸಿದ್ದೆಲ್ಲ ಶ್ರೇಷ್ಠ, ನಗು ಬರಿಸಿದ್ದೆಲ್ಲ ಕನಿಷ್ಠ ಎಂಬ ಹಮ್ಮೂ ಇತ್ತು. ಈ ಹಮ್ಮು ಮಾಡಿದ ಹಾನಿ ಸಣ್ಣದಲ್ಲ. ಹೊಸದಾಗಿ ಬಂದ ಎಷ್ಟೋ ಎಳೆಯರು ಎರಡನೆಯ ವಾರ ಮುಖ ತೋರಿಸಲಿಲ್ಲ. ಮುಂದೆ ಮನೆಮನೆಗೆ ಟೀವಿ, ವೀಡಿಯೊ ಕ್ಯಾಸೆಟ್ಟು, ಆಮೇಲೆ ಡಿವಿಡಿ ಬಂದಾಗ, ಬರಿಯ ಅಪರೂಪದ ಚಿತ್ರ ತೋರಿಸುವುದನ್ನೇ ನೆಚ್ಚಿಕೊಂಡಿದ್ದ ಕೂಟಗಳು ಒಂದೊಂದಾಗಿ ಮುಚ್ಚಿದವು. ಅಪರೂಪವೇ ಇಲ್ಲವಾದ ಮೇಲೆ ಅವುಗಳ ಬಳಿ ಕೊಡಲು ಏನೂ ಉಳಿದಿರಲಿಲ್ಲ. ಹೆಗ್ಗೋಡಿನಲ್ಲಾದರೆ ರಸಗ್ರಹಣ ಶಿಬಿರ ಹಿಗ್ಗಿ ಸಾಹಿತ್ಯ, ನಾಟಕ, ಸಂಗೀತಗಳನ್ನೂ ಒಳಗೊಂಡ ಸಂಸ್ಕೃತಿ ಶಿಬಿರವಾಯಿತು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದಾಗ ಆ ಹಳ್ಳಿಯ ಹೆಸರು ಹೊರಜಗತ್ತಿಗೂ ತಿಳಿಯಿತು. 2005ರಲ್ಲಿ ಅವರು ತೀರಿಕೊಂಡರು.

ಗೆಳೆಯನ ಮನೆ ಎಲ್ಲಿ?

ಯಾದಗಿರಿ, ಶಹಾಪುರ, ಸುರಪುರಗಳ ಶಾಲೆಯೋ ಕಾಲೇಜೋ ಇಂದು ಇಂಥದೊಂದು ಕೂಟ ನಡೆಸಲು ಹೊರಟರೆ ಡಬ್ಬಿ, ಸುರುಳಿ, ಅಂಟು ಯಾವುದೂ ಬೇಕಿಲ್ಲ. ಪಾಠಕ್ಕೆಂದು ತಂದಿಟ್ಟ ಪ್ರೊಜೆಕ್ಟರು ಹಲವು ಕಡೆ ಧೂಳು ಹಿಡಿಯುತ್ತಿದೆ. ಬಿಳಿಯ ಗೋಡೆ, ಕಿಟಕಿಗೆ ಕಟ್ಟಲು ನಾಲ್ಕು ಕಂಬಳಿ, ಮಾತು ಕೇಳಿಸುವಂಥ ಸ್ಪೀಕರು ಇದ್ದರೆ ಸಾಕು. ನಿಜವಾದ ತೊಡಕು ಭಾಷೆಯದು. ಈ ಚಿತ್ರಗಳಿಗೆ ಇಂಗ್ಲಿಷ್ ಉಪಶೀರ್ಷಿಕೆ ಸಿಗುತ್ತದೆ, ಕನ್ನಡದ್ದು ಸಿಗುವುದು ವಿರಳ. ಒಂಬತ್ತನೆಯ ತರಗತಿಯ ಹುಡುಗಿ ಆ ಸಾಲು ಓದಿ ಮುಗಿಸುವಷ್ಟರಲ್ಲಿ ಚಿತ್ರ ಮೂರು ದೃಶ್ಯ ಮುಂದೆ ಹೋಗಿರುತ್ತದೆ. ಮೊದಲೇ ಒಬ್ಬರು ಚಿತ್ರವನ್ನು ಎರಡು ಸಲ ನೋಡಿಕೊಂಡು, ಕತೆಯ ಎಳೆಯನ್ನು ಹತ್ತು ನಿಮಿಷ ಕನ್ನಡದಲ್ಲಿ ಹೇಳಿ ಶುರುಮಾಡುವುದು ಇದಕ್ಕಿರುವ ಹಳೆಯ ಮದ್ದು. ಮಾತೇ ಇಲ್ಲದ ಚಿತ್ರಗಳಿಂದ ಆರಂಭಿಸುವುದು ಇನ್ನೂ ಸುಲಭ. 1925ರ ‘ಗೋಲ್ಡ್ ರಷ್’ನಲ್ಲಿ ಹಸಿದ ಚಾಪ್ಲಿನ್ ತನ್ನ ಬೂಟನ್ನೇ ಬೇಯಿಸಿ, ಲಾಡಿಯನ್ನು ಶಾವಿಗೆಯಂತೆ ಸುತ್ತಿ ತಿನ್ನುವುದಕ್ಕೆ ಯಾವ ಅನುವಾದವೂ ಬೇಡ.

ಒಂದು ವಿಷಯದಲ್ಲಿ ಈ ಸೀಮೆಯ ಮಕ್ಕಳು ಹೆಗ್ಗೋಡಿನವರಿಗಿಂತ ಮುಂದಿದ್ದಾರೆ. ಅಬ್ಬಾಸ್ ಕಿಯರೊಸ್ತಮಿ 1987ರಲ್ಲಿ ಮಾಡಿದ ಇರಾನೀ ಚಿತ್ರದ ಮೂಲ ಹೆಸರು ‘ಖಾನೆ-ಯೆ ದೋಸ್ತ್ ಕೊಜಾಸ್ತ್?’ ದವಾಖಾನೆಗೆ ಹೋಗಿಬರುವ, ದೋಸ್ತನ ಜೊತೆ ಆಡುವ, ಮನೆಯಲ್ಲೋ ಓಣಿಯಲ್ಲೋ ದಖ್ಖನಿ ಕೇಳಿ ಬೆಳೆದ ಮಕ್ಕಳಿಗೆ ಅರ್ಧ ಹೆಸರು ಆಗಲೇ ತಿಳಿದುಹೋಯಿತು: ದೋಸ್ತನ ಖಾನೆ, ಗೆಳೆಯನ ಮನೆ, ಎಲ್ಲಿ?

ಅಹ್ಮದ್ ಎಂಬ ಎಂಟು ವರ್ಷದ ಹುಡುಗ ತಪ್ಪಿ ಪಕ್ಕದವನ ನೋಟ್‌ಬುಕ್ಕನ್ನೂ ಚೀಲದಲ್ಲಿ ಹಾಕಿಕೊಂಡು ಬಂದಿದ್ದಾನೆ. ನಾಳೆ ಅದರಲ್ಲೇ ಮನೆಪಾಠ ಬರೆದು ತಾರದಿದ್ದರೆ ಶಾಲೆಯಿಂದ ಹೊರಹಾಕುತ್ತೇನೆಂದು ಮಾಸ್ತರರು ಆ ಹುಡುಗನಿಗೆ ಹೇಳಿದ್ದಾರೆ. ಪುಸ್ತಕ ಮರಳಿಸಲೇಬೇಕು. ಗೆಳೆಯ ಇರುವುದು ಪಕ್ಕದ ಹಳ್ಳಿಯಲ್ಲಿ, ಮನೆ ಗೊತ್ತಿಲ್ಲ. ತಾಯಿಗೆ ಹೇಳುತ್ತಾನೆ. ಆಕೆ ಕೂಸಿನ ತೊಟ್ಟಿಲು, ಬಟ್ಟೆ ಒಗೆತಗಳ ನಡುವೆ, ಮೊದಲು ಮನೆಪಾಠ ಮಾಡು ಎನ್ನುತ್ತಾಳೆ. ಮತ್ತೆ ಹೇಳುತ್ತಾನೆ, ಮತ್ತೆ ಅದೇ ಉತ್ತರ. ದಾರಿಯಲ್ಲಿ ಸಿಗುವ ಅಜ್ಜ ತನ್ನ ಬಳಿ ಸಿಗರೇಟು ಇದ್ದರೂ, ಹೇಳಿದ ಮಾತು ಕೇಳುವುದನ್ನು ಕಲಿಯಲಿ ಎಂದೇ ಅವನನ್ನು ಸಿಗರೇಟಿಗೆ ಅಟ್ಟುತ್ತಾನೆ. ಹುಡುಗ ಗುಡ್ಡ ಹತ್ತಿ ಇಳಿದು ಓಡುತ್ತಲೇ ಇರುತ್ತಾನೆ. ದೊಡ್ಡವರು ಯಾರೂ ಕೆಟ್ಟವರಲ್ಲ. ಅವನ ಮಾತನ್ನು ಕೊನೆಯ ತನಕ ಕೇಳಿಸಿಕೊಳ್ಳುವ ವ್ಯವಧಾನ ಮಾತ್ರ ಒಬ್ಬರಿಗೂ ಇಲ್ಲ. ಒಂದೂಕಾಲು ತಾಸಿಗಿಂತ ತುಸು ಹೆಚ್ಚಿನ ಈ ಚಿತ್ರವನ್ನು ಮಕ್ಕಳು ಒಂದು ಬಗೆಯಲ್ಲಿ ನೋಡುತ್ತಾರೆ, ಪಾಲಕರು ಇನ್ನೊಂದು ಬಗೆಯಲ್ಲಿ. ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ನೋಡಿದರೆ ಚೆನ್ನ. ಮುಗಿದ ಮೇಲೆ ಮೊದಲು ಮಕ್ಕಳನ್ನು ಮಾತನಾಡಲು ಬಿಟ್ಟರೆ ಇನ್ನೂ ಚೆನ್ನ.

ಕಾನೂನೂ ಇದಕ್ಕೆ ಅಡ್ಡವಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಒಂದು ವಿನಾಯಿತಿ ಇದೆ. ಸಂಸ್ಥೆಯ ಚಟುವಟಿಕೆಯ ಭಾಗವಾಗಿ ತೋರಿಸುವ ಚಿತ್ರಕ್ಕೆ ಅದು ಅನ್ವಯಿಸುತ್ತದೆ. ಆದರೆ ನೋಡುವವರು ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ತಂದೆತಾಯಿ ಅಥವಾ ಪೋಷಕರು, ಮತ್ತು ಸಂಸ್ಥೆಯ ಕೆಲಸಕ್ಕೆ ನೇರ ಸಂಬಂಧಪಟ್ಟವರು ಮಾತ್ರ ಆಗಿರಬೇಕು. ಪಾಲಕರನ್ನು ಕಾಯ್ದೆಯೇ ಹೆಸರಿಸಿ ಕರೆದಿದೆ! ಊರಿನವರಿಗೆಲ್ಲ ತೋರಿಸುವುದಾದರೆ ಹಕ್ಕುದಾರರ ಅನುಮತಿ ಬೇಕು. ನಮ್ಮ ದೇಶದಲ್ಲಿ ಚಲನಚಿತ್ರದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷ. 1955ರ ‘ಪಥೇರ್ ಪಾಂಚಾಲಿ’ ಆ ಗಡಿ ದಾಟಿ ಕೆಲವು ವರ್ಷಗಳೇ ಆದವು.

ಮೊದಲ ದಿನ ಯಾವ ಚಿತ್ರ ಎಂಬುದು ಇಂಥ ಕೂಟಗಳಲ್ಲಿ ಯಾವಾಗಲೂ ಜಗಳದ ವಿಷಯ. ಆಲ್ಬರ್ಟ್ ಲಮೊರಿಸ್‌ನ 1956ರ ಫ್ರೆಂಚ್ ಚಿತ್ರ ‘ದಿ ರೆಡ್ ಬಲೂನ್’ ಈ ಜಗಳವನ್ನು ಬಗೆಹರಿಸೀತು. ಪ್ಯಾರಿಸ್ಸಿನ ಬೂದು ಬಣ್ಣದ ಓಣಿಗಳಲ್ಲಿ ಒಬ್ಬ ಹುಡುಗ, ಅವನ ಹಿಂದೆ ನಾಯಿಮರಿಯಂತೆ ಬರುವ ಒಂದು ಕೆಂಪು ಬಲೂನು. ಬಲೂನು ಶಾಲೆಯೊಳಗೂ ನುಗ್ಗಿ ಮಾಸ್ತರರಿಗೆ ಫಜೀತಿ ಮಾಡುತ್ತದೆ. ಮಾತು ಇಲ್ಲವೆಂಬಷ್ಟು ಕಡಿಮೆ, ಆದರೂ ಅತ್ಯುತ್ತಮ ಚಿತ್ರಕಥೆಯ ಆಸ್ಕರ್ ಅದಕ್ಕೇ ಬಂತು. ಇಡೀ ಚಿತ್ರ 34 ನಿಮಿಷ. ನಲವತ್ತು ನಿಮಿಷದ ಒಂದು ಪೀರಿಯಡ್ಡಿನಲ್ಲಿ ತೋರಿಸಿ ಮುಗಿಸಿದರೆ, ಗಂಟೆ ಬಾರಿಸುವ ಮುನ್ನ ಹುಡುಗರ ಮಾತಿಗೆ ಆರು ನಿಮಿಷ ಉಳಿಯುತ್ತದೆ.